ಹಗಲು ಹೊತ್ತಿನ ಡ್ಯಾನ್ಯೂಬ್

ಹೊರಟವಳು: ದೊಡ್ಡಮ್ಮ, ನಮ್ಮ ಗುಂಪಿನಲ್ಲಿ ಹದಿನಾರು ಜನ ಸೇರಿದ್ದೀವಿ. ಬೆಳಗಿನ ವಾಕಿಂಗ್ ಗೆಳತಿಯರು, ಅವರಲ್ಲಿ ಕೆಲವರ ಯಜಮಾನರು. ಡ್ಯಾನ್ಯೂಬ್ ನದಿಯಲ್ಲಿ ಪಾಸಾವ್‌ನಿಂದ ಬುಡಾಪೆಸ್ಟ್‌ವರೆಗೆ ಒಂದು ವಾರದ ಕ್ರೂಸ್. ಟ್ರಾವೆಲ್ಸ್‌ನವರು ಮುಂಗಡ ಕೇಳ್ತಿದ್ದಾರೆ. ಕಟ್ಟೋಕೆ ಮುಂಚೆ ನಿಮ್ಮನ್ನ ಒಂದು ಮಾತು ಕೇಳೋಣ ಅಂತ ಬಂದೆ.

ಹೋಗಿಬಂದವರು: ಒಳ್ಳೇ ದಾರಿ ಆರಿಸಿದ್ದೀರಿ. ಕಾರ್ಯಕ್ರಮದ ಪಟ್ಟಿ ತಂದಿದ್ದೀಯಾ? ಕೊಡು ನೋಡೋಣ. ಊರುಗಳ ಹೆಸರು ಇದೆ, ಊಟದ ವಿವರ ಇದೆ, ಕೋಣೆಯ ಚಿತ್ರ ಇದೆ. ಹಡಗು ಯಾವ ಊರನ್ನ ಎಷ್ಟು ಹೊತ್ತಿಗೆ ಬಿಡುತ್ತೆ, ಮುಂದಿನ ಊರನ್ನ ಎಷ್ಟಕ್ಕೆ ಸೇರುತ್ತೆ ಅನ್ನೋದು ಮಾತ್ರ ಇಲ್ಲ. ಅದನ್ನ ಬರೆಸಿಕೊಂಡು ಬಾ.

ಹೊರಟವಳು: ಅದು ಅಷ್ಟು ಮುಖ್ಯವಾ?

ಹೋಗಿಬಂದವರು: ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ. ಡ್ಯಾನ್ಯೂಬ್‌ನಲ್ಲಿ ಕಿಲೋಮೀಟರ್ ಎಣಿಸೋದು ಸಮುದ್ರದ ಕಡೆಯಿಂದ. ರೊಮೇನಿಯಾದ ಸುಲೀನಾದಲ್ಲಿ ಸೊನ್ನೆ. ಅಲ್ಲಿಂದ ಮೇಲಕ್ಕೆ ಎಣಿಸುತ್ತಾ ಬಂದರೆ ಬುಡಾಪೆಸ್ಟ್ ಸುಮಾರು 1647ನೇ ಕಿಲೋಮೀಟರ್, ವಿಯೆನ್ನಾ 1929, ಪಾಸಾವ್ 2226. ದಡದುದ್ದಕ್ಕೂ ಈ ಸಂಖ್ಯೆಗಳ ಫಲಕ ನಿಲ್ಲಿಸಿದ್ದಾರೆ. ಅಂದರೆ ನಿಮ್ಮ ಪ್ರಯಾಣ 580 ಕಿಲೋಮೀಟರಿನಷ್ಟು. ನೀರಿನ ಜೊತೆ ಇಳಿಯೋ ಹಡಗು ಗಂಟೆಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಹೋದರೂ ಒಟ್ಟು ಮೂವತ್ತು ಗಂಟೆ. ಲಾಕ್‌ಗಳಲ್ಲಿ ಕಾಯೋ ಹೊತ್ತು ಸೇರಿಸಿದರೆ ಇನ್ನೂ ಸ್ವಲ್ಪ. ಏಳು ದಿನದ ಪ್ರವಾಸದಲ್ಲಿ ನದಿ ಮೇಲೆ ಸಾಗೋದು ಅಷ್ಟೇ. ಆ ಮೂವತ್ತು ಗಂಟೆಯಲ್ಲಿ ಹೆಚ್ಚಿನ ಪಾಲು ರಾತ್ರಿಗೆ ಹೋಗುತ್ತೆ, ಹಗಲೆಲ್ಲಾ ಹಡಗು ದಡದಲ್ಲಿ ಕಟ್ಟಿ ನಿಂತಿರುತ್ತೆ.

ಹೊರಟವಳು: ಅದೇ ಅನುಕೂಲ ಅಂತ ಅವರು ಹೇಳಿದ್ದು. ರಾತ್ರಿ ಮಲಗಿ ಬೆಳಗ್ಗೆ ಎದ್ದರೆ ಹೊಸ ಊರು. ಪೆಟ್ಟಿಗೆ ಕಟ್ಟೋದು ಬಿಚ್ಚೋದು ಇಲ್ಲ, ಬಸ್ಸಿನಲ್ಲಿ ಗಂಟೆಗಟ್ಟಲೆ ಕೂರೋದಿಲ್ಲ. ನಮ್ಮಲ್ಲಿ ಮಂಡಿನೋವಿನವರು ನಾಲ್ಕೈದು ಜನ ಇದ್ದಾರೆ. ಅವರಿಗೆ ಇದೇ ಸರಿ ಅನ್ನಿಸಿತು.

ಹೋಗಿಬಂದವರು: ಆ ಅನುಕೂಲ ನಿಜವೇ. ನನ್ನ ವಯಸ್ಸಿನವರು ಯುರೋಪ್ ನೋಡೋಕೆ ಇದಕ್ಕಿಂತ ಹಗುರಾದ ದಾರಿ ಇಲ್ಲ. ಆದರೆ ನದಿಯ ಹೆಸರಿನಲ್ಲಿ ಅಷ್ಟು ದುಡ್ಡು ಕೊಟ್ಟು, ನದಿಯ ಮೇಲೆ ಹೋಗೋ ಹೊತ್ತಿನಲ್ಲೆಲ್ಲಾ ಪರದೆ ಎಳೆದುಕೊಂಡು ನಿದ್ದೆ ಮಾಡಿದರೆ ಬಹಳ ದೊಡ್ಡದೊಂದನ್ನ ಬಿಟ್ಟುಬಂದ ಹಾಗೆ. ಒಂದೇ ದಾರಿ, ಒಂದೇ ಊರುಗಳು, ಆದರೂ ಎರಡು ಕಂಪನಿಗಳ ವೇಳಾಪಟ್ಟಿ ಬೇರೆ ಬೇರೆ ಇರುತ್ತೆ. ಒಂದು ಹಡಗು ವಾಖಾವ್ ಕಣಿವೆಯನ್ನ ಮಧ್ಯಾಹ್ನ ದಾಟುತ್ತೆ, ಇನ್ನೊಂದು ಕತ್ತಲಾದ ಮೇಲೆ. ಎರಡಕ್ಕೂ ಬೆಲೆ ಸರಿಸುಮಾರು ಒಂದೇ. ಆರಿಸಿಕೊಳ್ಳೋದು ಮುಂಗಡ ಕಟ್ಟೋ ಮುಂಚೆ ಮಾತ್ರ ಸಾಧ್ಯ.

ಹೊರಟವಳು: ವಾಖಾವ್‌ನಲ್ಲಿ ಅಂಥದ್ದೇನಿದೆ? ಪಟ್ಟಿಯಲ್ಲಿ 'ಸುಂದರ ಕಣಿವೆ' ಅಂತ ಒಂದೇ ಸಾಲು ಹಾಕಿದ್ದಾರೆ.

ಹೋಗಿಬಂದವರು: ಆಸ್ಟ್ರಿಯಾದ ಮೆಲ್ಕ್‌ನಿಂದ ಕ್ರೆಮ್ಸ್‌ವರೆಗೆ 36 ಕಿಲೋಮೀಟರ್. ಹಡಗಿಗೆ ಎರಡು ಗಂಟೆಯ ದಾರಿ. ಶುರುವಾಗೋದು ಮೆಲ್ಕ್ ಮಠದಿಂದ. ಬೆನೆಡಿಕ್ಟ್ ಪಂಥದ ಸನ್ಯಾಸಿಗಳು 1089ರಿಂದ ಅಲ್ಲಿದ್ದಾರೆ. ಈಗ ಕಾಣೋ ಹಳದಿ ಕಟ್ಟಡ 1702ರಿಂದ 1736ರ ನಡುವೆ ಎದ್ದದ್ದು, ಯಾಕೋಬ್ ಪ್ರಾಂಡ್ಟಾವರ್ ಅನ್ನೋ ವಾಸ್ತುಶಿಲ್ಪಿಯ ಕೆಲಸ. ಊರೊಳಗಿಂದ ನೋಡಿದರೆ ಅದರ ಅಳತೆ ಗೊತ್ತಾಗೋದಿಲ್ಲ. ನೀರಿನ ಮೇಲೆ ನಿಂತು ನೋಡಬೇಕು, ಬಂಡೆಯ ತುದಿಯಲ್ಲಿ ಆ ಕಟ್ಟಡ ಎಷ್ಟು ಉದ್ದಕ್ಕೆ ಚಾಚಿದೆ ಅಂತ ಆಗ ಕಾಣುತ್ತೆ. ಹಡಗು ಬಿಟ್ಟ ಮೇಲೆ ನೀವೆಲ್ಲಾ ಎಡಗಡೆ ಕೂತುಕೊಳ್ಳಿ. ದ್ರಾಕ್ಷಿಯ ಮೆಟ್ಟಿಲುತೋಟಗಳು ಹೆಚ್ಚಾಗಿ ಆ ಕಡೆ, ದಕ್ಷಿಣದ ಬಿಸಿಲಿಗೆ ಮುಖ ಮಾಡಿ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು ಗುಡ್ಡದ ಬುಡದಿಂದ ನೆತ್ತಿವರೆಗೆ. ಕಡಿದಾದ ಆ ಇಳಿಜಾರಿನಲ್ಲಿ ಇವತ್ತೂ ಕೈಯಿಂದಲೇ ಕೊಯ್ಲು. ಕೆಳಗೆ ನದಿ ಪಕ್ಕದ ಮಟ್ಟಸ ನೆಲದಲ್ಲಿ ಏಪ್ರಿಕಾಟ್ ತೋಟ. ಏಪ್ರಿಲ್ ಶುರುವಿಗೆ ಅವು ಹೂಬಿಡ್ತವೆ, ಜುಲೈಯಲ್ಲಿ ಹಣ್ಣು.

ಅದೇ ಎಡದಂಡೆಯಲ್ಲಿ ವಿಲೆನ್‌ಡೋರ್ಫ್ ಅಂತ ಒಂದು ಚಿಕ್ಕ ಹಳ್ಳಿ ಬರುತ್ತೆ. ಹಡಗು ಅಲ್ಲಿ ನಿಲ್ಲೋದಿಲ್ಲ, ಎಷ್ಟೋ ಸಲ ಯಾರೂ ಹೆಸರು ಕೂಡ ಹೇಳೋದಿಲ್ಲ. 1908ರಲ್ಲಿ ಆ ಹಳ್ಳಿಯ ಮಣ್ಣಿನಲ್ಲಿ ಹನ್ನೊಂದು ಸೆಂಟಿಮೀಟರ್ ಎತ್ತರದ ಒಂದು ಹೆಣ್ಣುಮೂರ್ತಿ ಸಿಕ್ಕಿತು. ಸುಮಾರು ಮೂವತ್ತು ಸಾವಿರ ವರ್ಷ ಹಳೆಯದು. ಈಗ ವಿಯೆನ್ನಾದ ನಿಸರ್ಗ ಇತಿಹಾಸ ಮ್ಯೂಸಿಯಂನಲ್ಲಿದೆ. ಮಧ್ಯಾಹ್ನ ಆ ಹಳ್ಳಿಯನ್ನ ನೀರಿನ ಮೇಲಿಂದ ನೋಡಿ, ಎರಡು ದಿನ ಬಿಟ್ಟು ವಿಯೆನ್ನಾದಲ್ಲಿ ಆ ಮೂರ್ತಿಯ ಮುಂದೆ ನಿಂತರೆ, ಈ ದಡದಲ್ಲಿ ಎಷ್ಟು ಕಾಲದಿಂದ ಮನುಷ್ಯರು ಬದುಕಿದ್ದಾರೆ ಅನ್ನೋದು ಮನಸ್ಸಿಗೆ ನಾಟುತ್ತೆ. ಭೂಗೋಳ ಪಾಠ ಮಾಡುತ್ತಾ ನಾನು ಕಳೆದ ವರ್ಷಗಳಲ್ಲಿ ಯಾವ ನಕ್ಷೆಯೂ ನನಗೆ ಅದನ್ನ ಹೀಗೆ ತೋರಿಸಿರಲಿಲ್ಲ.

ಆಮೇಲೆ ಡ್ಯೂರ್ನ್‌ಸ್ಟೈನ್. ನೀಲಿ ಬಿಳಿ ಬಣ್ಣದ ಚರ್ಚಿನ ಗೋಪುರ ನೀರಿನ ಅಂಚಿಗೇ ಇದೆ, ಮೇಲೆ ಪಾಳುಕೋಟೆ. ಇಂಗ್ಲೆಂಡಿನ ದೊರೆ ಸಿಂಹಹೃದಯಿ ರಿಚರ್ಡ್, ಧರ್ಮಯುದ್ಧ ಮುಗಿಸಿ ಮನೆಗೆ ಮರಳೋ ದಾರಿಯಲ್ಲಿ ಆಸ್ಟ್ರಿಯಾದ ಡ್ಯೂಕ್ ಲಿಯೊಪೋಲ್ಡ್ ಕೈಗೆ ಸಿಕ್ಕಿ, 1192ರ ಕೊನೆಗೆ ಈ ಕೋಟೆಯಲ್ಲಿ ಸೆರೆಯಾದ. ಅವನನ್ನ ಬಿಡಿಸಿಕೊಳ್ಳೋಕೆ ಇಂಗ್ಲೆಂಡ್ ತೆತ್ತ ಬೆಳ್ಳಿಯ ಪಾಲಿನಲ್ಲಿ ವಿಯೆನ್ನಾದ ಕೋಟೆಗೋಡೆ ಎದ್ದಿತು.

ಹೊರಟವಳು: ಇಷ್ಟೆಲ್ಲಾ ಎರಡು ಗಂಟೆಯಲ್ಲಾ?

ಹೋಗಿಬಂದವರು: ಅದಕ್ಕೇ ಹೇಳಿದ್ದು, ಆ ಎರಡು ಗಂಟೆ ಹಗಲಿನಲ್ಲಿ ಬರಬೇಕು. ನಮ್ಮ ತಂಡದಲ್ಲಿ ಆ ಹೊತ್ತಿಗೆ ಅರ್ಧ ಜನ ಕೆಳಗಿನ ಹಾಲಿನಲ್ಲಿ ಇಸ್ಪೀಟು ಆಡುತ್ತಾ ಕೂತಿದ್ದರು. ಬಲವಂತ ಮಾಡೋಕೆ ಆಗುತ್ತಾ? ಬುಡಾಪೆಸ್ಟ್ ಮುಟ್ಟಿದ ಮೇಲೆ ಉಳಿದವರ ಫೋಟೋ ನೋಡಿ, ಇದೆಲ್ಲಿ ಬಂತು ಅಂತ ಅವರೇ ಕೇಳಿದರು. ನನಗೆ ತುಂಬಾ ಬೇಜಾರಾಯಿತು. ಯಾರಾದರೂ ಒಬ್ಬರು ಹಿಂದಿನ ರಾತ್ರಿ ನಕ್ಷೆ ಹರಡಿ, ನಾಳೆ ಇಷ್ಟು ಹೊತ್ತಿಗೆ ಈ ಜಾಗ, ಎಡಕ್ಕೆ ಇದು, ಬಲಕ್ಕೆ ಇದು ಅಂತ ಹತ್ತು ನಿಮಿಷ ಹೇಳಿದ್ದರೆ ಅವರೂ ಮೇಲೆ ಬರುತ್ತಿದ್ದರು. ನಿಮ್ಮ ಗುಂಪಿನಲ್ಲಿ ಆ ಕೆಲಸ ನೀನು ವಹಿಸಿಕೋ.

ಹೊರಟವಳು: ನಾನಾ? ನನಗೆ ಇದೆಲ್ಲಾ ಈಗ ತಾನೇ ಗೊತ್ತಾಗ್ತಿದೆ.

ಹೋಗಿಬಂದವರು: ಹೋಗೋಕೆ ಇನ್ನೂ ತಿಂಗಳುಗಳಿವೆಯಲ್ಲ. ಕಿಲೋಮೀಟರ್ ಸಂಖ್ಯೆ ಇರೋ ಒಂದು ನದಿ ನಕ್ಷೆ ಸಾಕು. ದಡದ ಫಲಕ ನೋಡಿ ನಕ್ಷೆ ನೋಡಿದರೆ ಎಲ್ಲಿದ್ದೀವಿ ಅಂತ ಯಾರು ಬೇಕಾದರೂ ಹೇಳಬಹುದು. ನಮ್ಮಲ್ಲಿ ಒಬ್ಬ ನಿವೃತ್ತ ನರ್ಸ್ ಇದ್ದರು. ಮೊದಲ ದಿನ ಯಾರ ಜೊತೆಗೂ ಮಾತಿಲ್ಲ. ಮೂರನೇ ದಿನದ ಹೊತ್ತಿಗೆ ಡೆಕ್ ಮೇಲೆ ಅವರ ಸುತ್ತ ಏಳೆಂಟು ಜನ, ಈಗ ಯಾವ ಸಂಖ್ಯೆ, ಮುಂದಿನ ಲಾಕ್ ಎಷ್ಟು ದೂರ ಅಂತ ಕೇಳೋರು. ಪಕ್ಕದ ಮೇಜಿನ ಜರ್ಮನ್ ದಂಪತಿ ಕೂಡ ಅವರನ್ನೇ ಕೇಳುತ್ತಿದ್ದರು.

ಹೊರಟವಳು: ಈ ಲಾಕ್ ಅಂದರೇನು? ಆಗಲೇ ಒಂದು ಸಲ ಹೇಳಿದಿರಿ.

ಹೋಗಿಬಂದವರು: ನದಿಗೆ ಅಡ್ಡ ಅಣೆಕಟ್ಟು ಕಟ್ಟಿದಾಗ ಹಡಗು ದಾಟೋದು ಹೇಗೆ? ಅಣೆಕಟ್ಟಿನ ಪಕ್ಕ ಎರಡೂ ತುದಿಗೆ ಬಾಗಿಲಿರೋ ಒಂದು ಉದ್ದನೆಯ ಕಾಂಕ್ರೀಟ್ ತೊಟ್ಟಿ ಕಟ್ಟಿರ್ತಾರೆ. ಹಡಗು ಮೇಲಿನ ಬಾಗಿಲಿಂದ ಒಳಗೆ ಬರುತ್ತೆ, ಬಾಗಿಲು ಮುಚ್ಚುತ್ತೆ. ತೊಟ್ಟಿಯ ನೀರನ್ನ ಕೆಳಗಿನ ನದಿಗೆ ಬಿಡ್ತಾರೆ. ನೀರಿನ ಜೊತೆ ಹಡಗೂ ಇಳಿಯುತ್ತೆ. ಎರಡೂ ಕಡೆ ಮಟ್ಟ ಸಮನಾದ ಮೇಲೆ ಕೆಳಗಿನ ಬಾಗಿಲು ತೆಗೆಯುತ್ತೆ. ಪಂಪು ಇಲ್ಲ, ಎತ್ತೋ ಯಂತ್ರ ಇಲ್ಲ, ಎಲ್ಲಾ ನೀರಿನ ತೂಕದ ಕೆಲಸ. ಪಾಸಾವ್‌ನಿಂದ ಹೊರಟು ವಿಯೆನ್ನಾ ಬಿಟ್ಟು ಮುಂದೆ ಹೋಗೋದರೊಳಗೆ ಇಂಥ ಹತ್ತು ಲಾಕ್ ದಾಟಬೇಕು, ಎಷ್ಟೋ ಕಡೆ ಹತ್ತು ಮೀಟರಿನ ಆಸುಪಾಸು ಇಳಿಯಬೇಕು. ರಾತ್ರಿ ಎಚ್ಚರವಾಗಿ ಕಿಟಕಿ ನೋಡಿದರೆ ಒಂದು ಗೇಣು ಆಚೆ ಒದ್ದೆ ಗೋಡೆ. ಮೊದಲ ಸಲ ಗಾಬರಿಯಾಗುತ್ತೆ, ನಿಮ್ಮವರಿಗೆ ಮುಂಚೆಯೇ ಹೇಳಿಡು. ಒಂದು ಲಾಕನ್ನಾದರೂ ಹಗಲಿನಲ್ಲಿ ಡೆಕ್ ಮೇಲೆ ನಿಂತು ನೋಡಿ. ಹಡಗಿನ ಅಗಲ ಹನ್ನೊಂದೂವರೆ ಮೀಟರಿಗೆ ಒಂದಿಷ್ಟು ಕಡಿಮೆ. ಯಾಕೆ ಗೊತ್ತಾ? ಜರ್ಮನಿಯ ಕಾಲುವೆಯ ಲಾಕ್‌ಗಳ ಅಗಲ 12 ಮೀಟರ್. ಈ ಹಡಗುಗಳೆಲ್ಲಾ ಆ ಬಾಗಿಲಿಗೆ ಹಿಡಿಸೋ ಹಾಗೆ ಕಟ್ಟಿದವು. ಉದ್ದ 135 ಮೀಟರ್‌ವರೆಗೆ, ಜನ ನೂರೈವತ್ತರಿಂದ ನೂರತೊಂಬತ್ತು. ಸಮುದ್ರದ ಕ್ರೂಸ್ ಹಡಗಿನಲ್ಲಿರೋ ಸಾವಿರಾರು ಜನರ ಜಾತ್ರೆ ಇಲ್ಲಿಲ್ಲ.

ಹೊರಟವಳು: ಜರ್ಮನಿಯ ಕಾಲುವೆ ನಮ್ಮ ದಾರಿಯಲ್ಲಿ ಬರುತ್ತಾ?

ಹೋಗಿಬಂದವರು: ನಿಮಗಿಲ್ಲ. ನಾವು ನ್ಯೂರೆಂಬರ್ಗ್‌ನಿಂದ ಹೊರಟಿದ್ದರಿಂದ ನಮಗೆ ಸಿಕ್ಕಿತ್ತು. ಮೈನ್ ನದಿಯನ್ನ ಡ್ಯಾನ್ಯೂಬ್‌ಗೆ ಸೇರಿಸೋ 171 ಕಿಲೋಮೀಟರ್ ಕಾಲುವೆ ಅದು, 1992ರಲ್ಲಿ ಮುಗಿಯಿತು. 16 ಲಾಕ್. ನಡುವಿನ ಎತ್ತರದ ಭಾಗ ಸಮುದ್ರಮಟ್ಟದಿಂದ 406 ಮೀಟರ್ ಮೇಲೆ. ಉತ್ತರ ಸಮುದ್ರದಿಂದ ಹೊರಟ ಹಡಗು ಅಲ್ಲಿ ಬೆಟ್ಟ ಹತ್ತಿ ಇಳಿದು ಕಪ್ಪು ಸಮುದ್ರ ಸೇರಬಹುದು. ಈ ಆಸೆ ಬಹಳ ಹಳೆಯದು. ಚಕ್ರವರ್ತಿ ಶಾರ್ಲಮೇನ್ 793ರಲ್ಲೇ ಅದೇ ಸೀಮೆಯಲ್ಲಿ ಕಾಲುವೆ ಅಗೆಸೋಕೆ ಹೊರಟಿದ್ದ. ಮಳೆಗೆ ದಡ ಕುಸಿದು ಕೆಲಸ ನಿಂತಿತು ಅಂತ ಆ ಕಾಲದ ದಾಖಲೆ ಹೇಳುತ್ತೆ. ಅಗೆದ ಹಳ್ಳ ಇವತ್ತೂ ಇದೆ. ಸಾವಿರದ ಇನ್ನೂರು ವರ್ಷ ಜನ ಇದೊಂದನ್ನ ಬಿಡದೆ ಯೋಚಿಸಿದರಲ್ಲ, ಆ ಹಟ ನನಗೆ ತುಂಬಾ ಇಷ್ಟ.

ಆದರೆ ಪಾಸಾವ್‌ನಿಂದ ಹೊರಡೋದೇ ನಿಮಗೆ ಕ್ಷೇಮ. ಅಲ್ಲಿಂದ ಮೇಲಕ್ಕೆ, ಸ್ಟ್ರಾಬಿಂಗ್ ಮತ್ತು ವಿಲ್ಸ್‌ಹೋಫೆನ್ ನಡುವೆ, 70 ಕಿಲೋಮೀಟರಿನಷ್ಟು ದೂರ ಡ್ಯಾನ್ಯೂಬ್‌ಗೆ ಅಣೆಕಟ್ಟಿಲ್ಲ, ನೀರು ತನ್ನ ಪಾಡಿಗೆ ಹರಿಯುತ್ತೆ. ಮಳೆ ಕಡಿಮೆಯಾದ ಬೇಸಿಗೆಯಲ್ಲಿ ಆಳ ಸಾಲದೆ ಹಡಗು ಅಲ್ಲಿ ದಾಟೋದಿಲ್ಲ. ನಮಗೆ ಆದದ್ದು ಅದೇ. ಮೇಲಿನ ಊರಿನಲ್ಲಿ ಹಡಗು ನಿಂತಿತು. ನಮ್ಮನ್ನ ಬಸ್ಸಿನಲ್ಲಿ ಪಾಸಾವ್‌ಗೆ ಕರೆದೊಯ್ದು, ಅಲ್ಲಿ ಕಾಯುತ್ತಿದ್ದ ಅದೇ ಕಂಪನಿಯ ಇನ್ನೊಂದು ಹಡಗಿಗೆ ಹತ್ತಿಸಿದರು. ಆ ಹಡಗಿನವರನ್ನ ನಮ್ಮದಕ್ಕೆ. ಕೋಣೆ ಅದೇ ನಮೂನೆ, ಅದೇ ಸಂಖ್ಯೆ.

ಹೊರಟವಳು: ಜನ ಸಿಟ್ಟಾಗಲಿಲ್ಲವಾ?

ಹೋಗಿಬಂದವರು: ಆದರು. ಕಂಪನಿಯವರು ಹಿಂದಿನ ರಾತ್ರಿವರೆಗೆ ಬಾಯಿಬಿಡಲಿಲ್ಲ ಅನ್ನೋದು ನಿಜವಾದ ದೂರು, ನಾನೂ ಬರೆದುಕೊಟ್ಟೆ. ಆದರೆ ನೀರಿನ ಮೇಲೆ ಸಿಟ್ಟಾಗೋದು ಏನು ನ್ಯಾಯ? 2018ರಲ್ಲಿ ಮತ್ತೆ 2022ರಲ್ಲಿ ರೈನ್ ನದಿಯಲ್ಲಿ ನೀರು ಎಷ್ಟು ಇಳಿಯಿತು ಅಂದರೆ ಸರಕು ಹಡಗುಗಳು ಅರ್ಧಕ್ಕಿಂತ ಕಡಿಮೆ ಭಾರ ಹೊತ್ತು ಹೋದವು. 2022ರ ಬೇಸಿಗೆಯಲ್ಲಿ ಸರ್ಬಿಯಾದ ಪ್ರಾಹೊವೊ ಹತ್ತಿರ ಡ್ಯಾನ್ಯೂಬ್ ಒಳಗಿಂದ ಎರಡನೇ ಮಹಾಯುದ್ಧದಲ್ಲಿ ಮುಳುಗಿದ ಜರ್ಮನ್ ಹಡಗುಗಳು ಮೇಲೆ ಕಂಡವು. ನೀರು ಹೆಚ್ಚಾಗೋದೂ ಇದೆ, ಪಾಸಾವ್‌ಗೆ ಹೋದಾಗ ನಗರಸಭೆ ಕಟ್ಟಡದ ಗೋಡೆ ನೋಡು. ಪ್ರವಾಹ ಬಂದ ವರ್ಷಗಳನ್ನ ಗೆರೆ ಎಳೆದು ಬರೆದಿದ್ದಾರೆ. 2013ರ ಜೂನ್ ಗೆರೆ ನಿನ್ನ ತಲೆಗಿಂತ ಎಷ್ಟೋ ಮೇಲಿದೆ. ಆ ಸಲ ನೀರು 12.89 ಮೀಟರಿಗೆ ಏರಿತು, 1501ರ ಮಹಾಪ್ರವಾಹದ ನಂತರ ಅಷ್ಟು ಎತ್ತರ ಮುಟ್ಟಿರಲಿಲ್ಲ. ಡ್ಯಾನ್ಯೂಬ್, ಇನ್, ಇಲ್ಜ್ ಮೂರೂ ಕೂಡೋ ಜಾಗ ಅದು. ನೀರು ಹೆಚ್ಚಾದರೂ ಹಡಗು ನಿಲ್ಲುತ್ತೆ, ಸೇತುವೆ ಕೆಳಗೆ ನುಗ್ಗೋಕೆ ಆಗೋದಿಲ್ಲ. ಹಾಗಾಗಿ ನಿಮ್ಮ ಹದಿನಾರು ಜನರಿಗೂ ಮೊದಲೇ ತಿಳಿಸು. ನದಿ ಒಪ್ಪಿದರೆ ಮಾತ್ರ ಈ ಪಟ್ಟಿ. ಹಾಗೆ ಒಪ್ಪದವರು ಇದ್ದರೆ ಅವರು ರೈಲಿನಲ್ಲಿ ಹೋಗಲಿ, ಅದೂ ಚೆನ್ನಾಗಿರುತ್ತೆ.

ಹೊರಟವಳು: ಅಲ್ಲ ದೊಡ್ಡಮ್ಮ, ಎಲ್ಲಾ ಕಡೆ ಅಣೆಕಟ್ಟು ಕಟ್ಟಿಬಿಟ್ಟರೆ ಆಳ ಸಿಗುತ್ತಲ್ಲ?

ಹೋಗಿಬಂದವರು: ಆ ವಾದ ಅಲ್ಲೂ ಐವತ್ತು ವರ್ಷದಿಂದ ನಡೀತಿದೆ. ವಿಯೆನ್ನಾ ದಾಟಿ ಬ್ರಾಟಿಸ್ಲಾವಾ ಕಡೆ ಹೋಗೋ ಹಾದಿಯಲ್ಲಿ ಹೈನ್‌ಬುರ್ಗ್ ಅಂತ ಇದೆ. ಅಲ್ಲಿ ವಿದ್ಯುತ್ ಯೋಜನೆಗೆ ಕಾಡು ಕಡಿಯೋಕೆ ಹೊರಟಾಗ, 1984ರ ಡಿಸೆಂಬರ್ ಚಳಿಯಲ್ಲಿ ಸಾವಿರಾರು ಜನ ಆ ನದಿಬಯಲಿನ ಕಾಡಿನಲ್ಲಿ ಡೇರೆ ಹಾಕಿ ಕೂತರು. ಸರ್ಕಾರ ಹಿಂದೆ ಸರಿಯಿತು. 1996ರಲ್ಲಿ ಅದೇ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಆಸ್ಟ್ರಿಯಾದಲ್ಲಿ ಡ್ಯಾನ್ಯೂಬ್ ಅಣೆಕಟ್ಟಿಲ್ಲದೆ ಹರಿಯೋದು ಮುಖ್ಯವಾಗಿ ಎರಡು ಕಡೆ, ವಾಖಾವ್‌ನಲ್ಲಿ ಮತ್ತು ಇಲ್ಲಿ. ಮರಳಿನ ದಿಬ್ಬ, ನೀರಿಗೆ ಬಾಗಿದ ಮರ, ಕೊಕ್ಕರೆ. ಲಾಕ್‌ಗಳ ನಡುವಿನ ನಿಂತ ನೀರು ನೋಡಿ ಇಲ್ಲಿಗೆ ಬಂದರೆ ನದಿಯ ನಡಿಗೆಯೇ ಬೇರೆ ಅಂತ ಗೊತ್ತಾಗುತ್ತೆ.

ಆ ಕಾಡು ಮುಗಿದ ಕೂಡಲೇ ಎಡಕ್ಕೆ ದೇವಿನ್ ಕೋಟೆ, ಮೊರಾವಾ ನದಿ ಬಂದು ಕೂಡೋ ಜಾಗ. ಸ್ಲೊವಾಕಿಯಾ ಶುರು. 1989ರವರೆಗೆ ಅಲ್ಲಿ ಮುಳ್ಳುತಂತಿ, ಕಾವಲು ಗೋಪುರ. ಈಜಿ ಈಚೆ ದಡಕ್ಕೆ ಬರೋಕೆ ನೋಡಿದವರ ಮೇಲೆ ಗುಂಡು ಹಾರಿಸುತ್ತಿದ್ದರು. ಸತ್ತವರ ನೆನಪಿಗೆ ಕೋಟೆಯ ಕೆಳಗೆ ಬಾಗಿಲಿನ ಆಕಾರದ ಒಂದು ಸ್ಮಾರಕ ನಿಲ್ಲಿಸಿದ್ದಾರೆ. ಇವತ್ತು ಹಡಗು ಗಡಿ ದಾಟೋವಾಗ ಸಾಮಾನ್ಯವಾಗಿ ಯಾರೂ ಪಾಸ್‌ಪೋರ್ಟ್ ಕೇಳೋದಿಲ್ಲ. ಒಂದೇ ಷೆಂಗೆನ್ ವೀಸಾದಲ್ಲಿ ನಾಲ್ಕೂ ದೇಶ.

ಬ್ರಾಟಿಸ್ಲಾವಾ ಕೆಳಗೆ ಗಾಬ್ಚಿಕೊವೊ ಲಾಕ್. ಅಲ್ಲಿ ಹಡಗು ಇಪ್ಪತ್ತು ಮೀಟರಿನ ಆಸುಪಾಸು ಇಳಿಯುತ್ತೆ. ಕಾವೇರಿ ವಿವಾದ ಕೇಳುತ್ತಾ ಬೆಳೆದ ನಮಗೆ ಈ ಜಾಗದ ಕತೆ ಕೂಡಲೇ ಅರ್ಥವಾಗುತ್ತೆ. ಜೆಕೊಸ್ಲೊವಾಕಿಯಾ, ಹಂಗೇರಿ ಎರಡೂ ಸೇರಿ ಎರಡು ಅಣೆಕಟ್ಟು ಕಟ್ಟೋದಾಗಿ 1977ರಲ್ಲಿ ಒಪ್ಪಂದ ಮಾಡಿಕೊಂಡವು. ಜನರ ಪ್ರತಿಭಟನೆ ಜೋರಾದಾಗ 1989ರಲ್ಲಿ ಹಂಗೇರಿ ತನ್ನ ಪಾಲಿನ ಕೆಲಸ ನಿಲ್ಲಿಸಿತು. ಆ ಕಡೆಯವರು 1992ರಲ್ಲಿ ನದಿಯನ್ನೇ ತಮ್ಮ ಕಾಲುವೆಗೆ ತಿರುಗಿಸಿಕೊಂಡರು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1997ರಲ್ಲಿ ಇಬ್ಬರದೂ ತಪ್ಪು ಅಂತ ತೀರ್ಪು ಕೊಟ್ಟು, ಕೂತು ಮಾತಾಡಿಕೊಳ್ಳಿ ಅಂದಿತು. ಹಡಗಿನವರು ಇದನ್ನ ಹೇಳೋದಿಲ್ಲ. ಅಲ್ಲಿ ಊಟದ ಗಂಟೆ ಹೊಡೆದಿರುತ್ತೆ.

ಹೊರಟವಳು: ಊಟ ಅಂದಿರಿ, ಅದೇ ನಮ್ಮ ಗುಂಪಿನ ದೊಡ್ಡ ಚಿಂತೆ. ಹತ್ತು ಜನ ಸಸ್ಯಾಹಾರಿಗಳು, ಇಬ್ಬರು ಈರುಳ್ಳಿ ಬೆಳ್ಳುಳ್ಳಿ ಮುಟ್ಟೋದಿಲ್ಲ.

ಹೋಗಿಬಂದವರು: ಬುಕಿಂಗ್ ಮಾಡೋವಾಗಲೇ ಬರೆದುಕೊಡಿ, ಹತ್ತಿದ ದಿನ ಮುಖ್ಯ ಅಡುಗೆಯವರನ್ನ ಒಬ್ಬರೇ ಹೋಗಿ ಕಾಣಿ. ಹದಿನಾರು ಜನ ಒಬ್ಬೊಬ್ಬರಾಗಿ ಬಡಿಸೋ ಹುಡುಗರನ್ನ ಕೇಳಬೇಡಿ, ಪಾಪ. ಸೂಪಿನಲ್ಲಿ ಮಾಂಸದ ರಸ ಇರುತ್ತೆ, ಅದನ್ನ ಬಿಡಿಸಿ ಹೇಳಬೇಕು. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಿರಿ. ತುಪ್ಪ, ಪೇಡೆ ಬೇಡ. ಯುರೋಪಿನ ಒಕ್ಕೂಟದೊಳಗೆ ಹೊರದೇಶದಿಂದ ಹಾಲಿನ ಪದಾರ್ಥ ತರೋ ಹಾಗಿಲ್ಲ. ಕರಿಬೇವಿನ ಸೊಪ್ಪೂ ಬೇಡ. ಆಮೇಲೆ ಎಲ್ಲಾ ಹೊತ್ತೂ ಹಡಗಿನಲ್ಲೇ ತಿನ್ನಬೇಡಿ. ಡ್ಯೂರ್ನ್‌ಸ್ಟೈನ್‌ನಲ್ಲಿ ಇರೋ ಜನ ಸಾವಿರಕ್ಕೂ ಕಡಿಮೆ. ಬೇಸಿಗೆಯ ದಿನ ಅವರ ಒಂದೇ ಬೀದಿಗೆ ಹಡಗುಗಟ್ಟಲೆ ನಾವು ಇಳೀತೀವಿ, ಫೋಟೋ ತೆಗೆದುಕೊಂಡು ಊಟಕ್ಕೆ ಹಡಗಿಗೆ ಓಡ್ತೀವಿ. ಊರಿನವರಿಗೆ ನಮ್ಮಿಂದ ಗದ್ದಲ ಮಾತ್ರ ಸಿಗುತ್ತೆ. ಒಂದು ಹೊತ್ತು ಅಲ್ಲಿ ಕೂತು ಊಟ ಮಾಡಿ, ಒಂದೆರಡು ಬಾಟಲಿ ಏಪ್ರಿಕಾಟ್ ಜಾಮ್ ಕೊಳ್ಳಿ. ಅದು ನಾವು ಕೊಡಬೇಕಾದ್ದು.

ಹೊರಟವಳು: ಗುಂಪು ಒಟ್ಟಿಗೆ ಇರೋಕೆ ಏನಾದರೂ ಕಟ್ಟುಪಾಡು ಮಾಡಿಕೊಳ್ಳಬೇಕಾ? ನಮ್ಮಲ್ಲಿ ಒಬ್ಬರಿಗೆ ಎಲ್ಲರೂ ಜೊತೆಗೇ ಇರಬೇಕು, ಇನ್ನೊಬ್ಬರಿಗೆ ಒಂಟಿಯಾಗಿ ಸುತ್ತಬೇಕು.

ಹೋಗಿಬಂದವರು: ಹಡಗು ಚಿಕ್ಕದು, ಎಲ್ಲೂ ಕಳೆದುಹೋಗೋ ಹಾಗಿಲ್ಲ. ಅದಕ್ಕೇ ಊಟದ ಮೇಜಿನಲ್ಲಿ ದಿನಾ ಜಾಗ ಬದಲಿಸಿ, ಬೇರೆ ದೇಶದವರ ಜೊತೆ ಒಂದಿಷ್ಟು ಕೂತುಕೊಳ್ಳಿ. ನಮ್ಮ ನರ್ಸ್ ಹಾಗೆ ಕೂತು ಹಂಗೇರಿಯ ಒಬ್ಬ ಶಿಕ್ಷಕಿಯ ಸ್ನೇಹ ಮಾಡಿಕೊಂಡರು, ಈಗಲೂ ಪತ್ರ ವ್ಯವಹಾರ ಇದೆ. ಊರಿಗೆ ಇಳಿದಾಗ ಬೇಗ ನಡೆಯೋರದೊಂದು ತಂಡ, ನಿಧಾನದವರದೊಂದು. ಗೈಡ್ ಕಿವಿಗೆ ಹಾಕಿಕೊಳ್ಳೋ ಯಂತ್ರ ಕೊಟ್ಟಿರ್ತಾರೆ, ಸ್ವಲ್ಪ ಹಿಂದೆ ಬಿದ್ದರೂ ಮಾತು ಕೇಳಿಸುತ್ತೆ. ಬೀದಿಗಳೆಲ್ಲಾ ಉರುಟುಕಲ್ಲಿನವು. ನೀರಿನ ಮಟ್ಟ ಇಳಿದಿದ್ದರೆ ಹಡಗಿನಿಂದ ದಡಕ್ಕೆ ಹಾಕೋ ಹಲಗೆ ಕಡಿದಾಗಿರುತ್ತೆ. ಮಂಡಿನೋವಿನವರ ಪಕ್ಕ ಒಬ್ಬೊಬ್ಬರು ಇರಬೇಕು, ಅದು ಕಟ್ಟುನಿಟ್ಟು. ಎಷ್ಟೋ ಬಂದರಿನಲ್ಲಿ ಹಡಗಿಗೆ ಹಡಗು ತಾಗಿಸಿ ಕಟ್ಟಿರ್ತಾರೆ, ಇನ್ನೊಬ್ಬರ ಹಡಗಿನೊಳಗೆ ಹಾದು ದಡಕ್ಕೆ ಹೋಗಬೇಕು. ಎರಡು ಮೂರು ಹಡಗು ಸಾಲಾಗಿದ್ದಾಗ ವಾಪಸ್ ಬರೋವಾಗ ದಾರಿ ತಪ್ಪುತ್ತೆ, ಹಡಗಿನ ಹೆಸರು ಎಲ್ಲರ ಚೀಲದಲ್ಲೂ ಬರೆದಿಡಿ. ರಾತ್ರಿ ಹತ್ತರ ಮೇಲೆ ಡೆಕ್‌ನಲ್ಲಿ ಅಂತ್ಯಾಕ್ಷರಿ ಬೇಡ, ಕೆಳಗೆ ಜನ ಮಲಗಿರ್ತಾರೆ.

ಹೊರಟವಳು: ಕೋಣೆ ಯಾವ ಮಹಡಿಯಲ್ಲಿ ತೆಗೆದುಕೊಳ್ಳಲಿ? ಬಾಲ್ಕನಿ ಇರೋದಕ್ಕೆ ಬಹಳ ಜಾಸ್ತಿ.

ಹೋಗಿಬಂದವರು: ಕೆಳಗಿನದು ಸಾಕು. ಕಿಟಕಿ ನೀರಿಗೆ ಹತ್ತಿರ, ತೆಗೆಯೋಕೆ ಆಗೋದಿಲ್ಲ, ಅಷ್ಟೇ. ಎಂಜಿನ್ ಹಿಂದಿರುತ್ತೆ, ಮುಂದಿನ ಕೋಣೆ ಕೇಳಿ. ಆ ಮಹಡಿಗೆ ಲಿಫ್ಟ್ ಇಳಿಯುತ್ತಾ ಅಂತ ಮಂಡಿನೋವಿನವರಿಗಾಗಿ ವಿಚಾರಿಸಿ. ಉಳಿದ ದುಡ್ಡಿನಲ್ಲಿ ಬುಡಾಪೆಸ್ಟ್‌ನಲ್ಲಿ ಎರಡು ರಾತ್ರಿ ಹೆಚ್ಚಿಗೆ ಇರಿ.

ಹೊರಟವಳು: ಬುಡಾಪೆಸ್ಟ್‌ಗೆ ಹೋಗೋ ಹೊತ್ತು ಹಗಲಿರಬೇಕಾ, ರಾತ್ರಿಯಾ? ರಾತ್ರಿ ದೀಪಾಲಂಕಾರ ಅದ್ಭುತ ಅಂತಾರೆ.

ಹೋಗಿಬಂದವರು: ಊರೊಳಗಿನ ಆ ಒಂದು ಗಂಟೆಗೆ ರಾತ್ರಿಯೇ ಸರಿ. ಸಂಸತ್ ಭವನ, ಸೇತುವೆಗಳು, ಬುಡಾ ಗುಡ್ಡದ ಅರಮನೆ ಎಲ್ಲಾ ದೀಪದಲ್ಲಿ. ಅದಕ್ಕೆ ಮುಂಚಿನ ಎಸ್ಟರ್ಗೋಮ್ ಮಾತ್ರ ಬೆಳಕಿದ್ದಾಗ ಬರಬೇಕು. ಅಲ್ಲಿ ನದಿ ಎರಡು ದೇಶಗಳ ಗಡಿ. ಬಲಗಡೆ ಹಂಗೇರಿಯ ದೊಡ್ಡ ಬಸಿಲಿಕಾ, ಎಡಗಡೆ ಸ್ಲೊವಾಕಿಯಾದ ಷ್ಟೂರೊವೊ. ನಡುವೆ ಮರಿಯಾ ವಲೇರಿಯಾ ಸೇತುವೆ. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಅದನ್ನ ಉಡಾಯಿಸಿತು. ಯುದ್ಧ ಮುಗಿದ ಮೇಲೂ ಕಟ್ಟಲಿಲ್ಲ. ಎರಡೂ ಕಡೆ ಕಮ್ಯುನಿಸ್ಟ್ ಸರ್ಕಾರ, ಸ್ನೇಹದ ಘೋಷಣೆ, ಆದರೂ ನೀರಿನ ನಡುವೆ ಕಂಬಗಳು ಬೋಳಾಗಿ ನಿಂತಿದ್ದವು. ಸೇತುವೆ ಮತ್ತೆ ತೆರೆದದ್ದು 2001ರಲ್ಲಿ. ಈಗ ಜನ ಆ ಕಡೆ ಮನೆ ಮಾಡಿ ಈ ಕಡೆ ಕೆಲಸಕ್ಕೆ ಬರ್ತಾರೆ.

ಬುಡಾಪೆಸ್ಟ್ ಸೇರಿದ ಮೇಲೆ ಪೆಸ್ಟ್ ದಡದಲ್ಲಿ, ಸಂಸತ್ ಭವನದ ಹತ್ತಿರ, ಕಬ್ಬಿಣದಲ್ಲಿ ಎರಕ ಹೊಯ್ದ 60 ಜೊತೆ ಚಪ್ಪಲಿ ಬೂಟುಗಳಿವೆ. 2005ರಲ್ಲಿ ಇಟ್ಟದ್ದು. 1944ರ ಕೊನೆ, 1945ರ ಶುರುವಿನಲ್ಲಿ ಆರೋ ಕ್ರಾಸ್ ಅನ್ನೋ ಹಂಗೇರಿಯ ಫ್ಯಾಸಿಸ್ಟರು ಯಹೂದಿಗಳನ್ನ ಆ ಅಂಚಿಗೆ ತಂದು ನಿಲ್ಲಿಸಿ, ಬೂಟು ಬಿಚ್ಚಿಸಿ, ಗುಂಡಿಕ್ಕಿ ನೀರಿಗೆ ಬೀಳಿಸಿದರು. ಬೂಟಿಗೆ ಬೆಲೆ ಇತ್ತು, ಬಿಚ್ಚಿಸಿದ್ದು ಅದಕ್ಕೆ. ಮಕ್ಕಳ ಬೂಟೂ ಇವೆ. ಗುಂಪಿನಲ್ಲಿ ಹೋದಾಗ ಯಾರಾದರೂ ಅದರ ಪಕ್ಕ ಕಾಲಿಟ್ಟು ಫೋಟೋ ತೆಗೆಸಿಕೊಳ್ಳೋಕೆ ಹೋಗ್ತಾರೆ. ತಡೆಯೋ ಜವಾಬ್ದಾರಿ ಗುಂಪಿನ ಮುಂದಾಳಿಗೆ ಸೇರಿದ್ದು.

ಹೊರಟವಳು: ಒಂದು ಭಯ ಇದೆ ದೊಡ್ಡಮ್ಮ. ಅಲ್ಲಿ ದೋಣಿ ಮುಳುಗಿತ್ತಲ್ಲ?

ಹೋಗಿಬಂದವರು: ಹೌದು, 2019ರ ಮೇ 29ರ ರಾತ್ರಿ, ಮಾರ್ಗರೆಟ್ ಸೇತುವೆ ಕೆಳಗೆ. ಹಬ್ಲೆಯಾನ್ ಅನ್ನೋ ಚಿಕ್ಕ ವಿಹಾರ ದೋಣಿಗೆ ದೊಡ್ಡ ಕ್ರೂಸ್ ಹಡಗು ಹಿಂದಿನಿಂದ ಹೊಡೆಯಿತು. ದೋಣಿಯಲ್ಲಿದ್ದದ್ದು ದಕ್ಷಿಣ ಕೊರಿಯಾದಿಂದ ಬಂದ ಪ್ರವಾಸಿ ತಂಡ, ನಿಮ್ಮ ಹಾಗೇ ಜೊತೆಯಾಗಿ ಹೊರಟವರು. ಸಿಬ್ಬಂದಿಯೂ ಸೇರಿ 35 ಜನರಲ್ಲಿ ಬದುಕಿದವರು 7. ದೊಡ್ಡ ಹಡಗಿನ ಕ್ಯಾಪ್ಟನ್‌ಗೆ 2023ರಲ್ಲಿ ಜೈಲುಶಿಕ್ಷೆಯಾಯಿತು. ಜೋರು ಮಳೆ, ತುಂಬಿದ ನದಿ, ದೋಣಿಯಲ್ಲಿದ್ದವರು ಲೈಫ್ ಜಾಕೆಟ್ ಹಾಕಿರಲಿಲ್ಲ. ದೊಡ್ಡ ಹಡಗು ಸುರಕ್ಷಿತವೇ, ನಾನು ಮತ್ತೆ ಹತ್ತುತ್ತೀನಿ. ಆದರೆ ಮೊದಲ ದಿನ ಸುರಕ್ಷತೆಯ ಅಭ್ಯಾಸಕ್ಕೆ ಕರೆದಾಗ ನಿಮ್ಮ ಹದಿನಾರೂ ಜನ ಹೋಗಬೇಕು, ಜಾಕೆಟ್ ಹಾಕಿ ಕಟ್ಟಿ ನೋಡಬೇಕು. ಸಂಜೆ ಚಿಕ್ಕ ದೋಣಿ ಹತ್ತೋ ಆಸೆಯಾದರೆ ಜಾಕೆಟ್ ಕೇಳಿ ಹಾಕಿಕೊಳ್ಳಿ. ಮಳೆ ಬಂದರೆ ಹತ್ತಲೇಬೇಡಿ.

ಹೊರಟವಳು: ಇಷ್ಟೆಲ್ಲಾ ಕೇಳಿದ ಮೇಲೆ ಬೇಡ ಅನ್ನಿಸೋದಿಲ್ಲ, ಹೋಗಲೇಬೇಕು ಅನ್ನಿಸ್ತಿದೆ. ಗುಂಪಿನವರಿಗೆ ಇವತ್ತೇ ಹೇಳ್ತೀನಿ. ಯಾವ ತಿಂಗಳು ಒಳ್ಳೇದು?

ಹೋಗಿಬಂದವರು: ಮೇ ಕೊನೆ ಅಥವಾ ಸೆಪ್ಟೆಂಬರ್. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಸಂತೆ ನೋಡೋಕೆ ಬಹಳ ಜನ ಹೋಗ್ತಾರೆ, ಆದರೆ ನಾಲ್ಕೂವರೆಗೆಲ್ಲಾ ಕತ್ತಲು. ನಾನು ಹೇಳಿದ್ದರಲ್ಲಿ ಅರ್ಧ ಕಾಣೋದಿಲ್ಲ. ಜೂನ್ ಹತ್ತಿರವಾದರೆ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತೆ, ಊಟ ಮುಗಿಸಿ ಬಂದರೂ ದಡ ಕಾಣುತ್ತೆ. ಈಗ ಟ್ರಾವೆಲ್ಸ್‌ನವರಿಗೆ ಫೋನ್ ಮಾಡು. ಮೆಲ್ಕ್‌ನಿಂದ ಕ್ರೆಮ್ಸ್‌ಗೆ, ವಿಯೆನ್ನಾದಿಂದ ಬ್ರಾಟಿಸ್ಲಾವಾಗೆ, ಎಸ್ಟರ್ಗೋಮ್‌ನಿಂದ ಕೆಳಕ್ಕೆ, ಈ ಮೂರು ದಾರಿ ಹಡಗು ಎಷ್ಟು ಗಂಟೆಗೆ ಹೋಗುತ್ತೆ ಅಂತ ಬರೆದುಕೊಡೋಕೆ ಹೇಳು. ಮೂರರಲ್ಲಿ ಎರಡಾದರೂ ಹಗಲಿನಲ್ಲಿದ್ದರೆ ಮುಂಗಡ ಕಟ್ಟು. ಇಲ್ಲದಿದ್ದರೆ ಬೇರೆ ಹಡಗು ಹುಡುಕು.